ರೇಡಿಯೋದಲ್ಲಿ ಹೇಳಿದರು

ಸಂಜೆ ಏಳು ಗಂಟೆಯ ಮೇಲೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಿಗೆ ಒಂದು ಮಾತು ಚೆನ್ನಾಗಿ ಪರಿಚಿತವಾಗಿದ್ದೀತು. ಯಾವುದೋ ದೇಶದ ಯುದ್ಧದ ವಿಷಯವಿರಲಿ, ಎಣ್ಣೆಯ ಬೆಲೆಯ ವಿಷಯವಿರಲಿ, ಚಂದ್ರನ ಮೇಲೆ ನೀರುಂಟೋ ಇಲ್ಲವೋ ಎಂಬ ಪ್ರಶ್ನೆಯೇ ಇರಲಿ, ವಾದ ಬಿಸಿಯೇರಿದಾಗ ಯಾರಾದರೊಬ್ಬರು ಮೇಜು ತಟ್ಟಿ, “ಅಲ್ಲಾ ರಾಯರೇ, ರೇಡಿಯೋದಲ್ಲೇ ಹೇಳಿದರಲ್ಲ!” ಎನ್ನುತ್ತಾರೆ. ಅಲ್ಲಿಗೆ ವಾದ ಮುಗಿಯಿತೆಂದು ಅವರ ಎಣಿಕೆ. ಈಗ ಆ ಮಾತು ಗೂಡಿನ ಮೇಲಿನ ರೇಡಿಯೋ ಪೆಟ್ಟಿಗೆಯಿಂದ ಬಾರದೆ ಕಿಸೆಯೊಳಗಿನ ಮೊಬೈಲಿನಿಂದ ಬಂದಿರಬಹುದು. ಆದರೂ ಕಿವಿಗೆ ಬಿದ್ದ ಮಾತಿಗೆ ನಾವು ಕೊಡುವ ಗೌರವ ಹಿಂದಿನಂತೆಯೇ ಉಳಿದಿದೆ.

“ಹೇಳಿದವರು ಯಾರು?” ಎಂದು ಮರುಪ್ರಶ್ನೆ ಹಾಕಿ ನೋಡಿ. ಹತ್ತರಲ್ಲಿ ಎಂಟು ಸಲ ಉತ್ತರ ಬಾರದು. ಹೆಸರು ಮರೆತಿರುತ್ತದೆ, ಧ್ವನಿ ಮಾತ್ರ ನೆನಪಿರುತ್ತದೆ. ಗಂಭೀರವಾದ, ಆತ್ಮೀಯವಾದ, ತಡವರಿಸದ ಧ್ವನಿ. ಅದನ್ನು ನಂಬಿದ್ದೇವೆ ಎಂಬುದೂ ನಮಗೆ ತಿಳಿಯದಂತೆ ನಂಬಿರುತ್ತೇವೆ.

ನಮ್ಮಲ್ಲಿ ಬಹುಮಂದಿ ಹೋಟೆಲು, ಗೋದಾಮು, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರು. ಪತ್ರಿಕೆ ಓದಬೇಕಾದರೆ ಕೈಯೂ ಕಣ್ಣೂ ಬಿಡುವಾಗಿರಬೇಕು; ಕೇಳುವುದಕ್ಕೆ ಕಿವಿ ಒಂದಿದ್ದರೆ ಸಾಕು. ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ, ಪಾತ್ರೆ ತೊಳೆಯುತ್ತಲೇ, ರಾತ್ರಿ ಪಾಳಿಯ ಕಾವಲು ಕಾಯುತ್ತಲೇ ಕೇಳಬಹುದು. ಹೀಗಾಗಿ ಲೋಕದ ಆಗುಹೋಗು, ರಾಜಕಾರಣ, ವಿಜ್ಞಾನ, ಇತಿಹಾಸಗಳು ನಮ್ಮಂಥವರಿಗೆ ಹೆಚ್ಚಾಗಿ ಕಿವಿಯ ದಾರಿಯಿಂದಲೇ ಒಳಗೆ ಬರುತ್ತವೆ. ಹಾಡು, ನಾಟಕ, ಆಟದ ವರದಿಗಳನ್ನು ಬಿಟ್ಟು, ಬರಿಯ ಮಾತಿನಿಂದಲೇ ಇಂಥ ವಿಷಯಗಳನ್ನು ತಿಳಿಸುವ ಪ್ರಸಾರವನ್ನು ಈ ಲೇಖನದಲ್ಲಿ ‘ಮಾತಿನ ರೇಡಿಯೋ’ ಎಂದು ಕರೆಯೋಣ. ಅದು ಹೇಗೆ ಹುಟ್ಟಿತು, ಅದರಿಂದ ಆದ ಒಳಿತು ಕೆಡುಕುಗಳೇನು, ಕೇಳುವವನ ಪಾಲಿನ ಕೆಲಸವೇನು ಎಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಭಾಷಣ ಹೋಗಿ ಮಾತುಕತೆ ಬಂದುದು

ಸಾರ್ವಜನಿಕ ರೇಡಿಯೋದ ಇತಿಹಾಸವನ್ನು ಸಾಮಾನ್ಯವಾಗಿ 1920ನೆಯ ಇಸವಿಯಿಂದ ಹೇಳುವುದುಂಟು. ಆ ವರ್ಷದ ನವೆಂಬರ್ 2ರ ರಾತ್ರಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ಎಂಬ ನಿಲಯವು ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಓದಿ ಹೇಳಿತು. ಎಂದರೆ, ರೇಡಿಯೋ ತನ್ನ ಬಾಲ್ಯದಲ್ಲೇ ರಾಜಕೀಯದ ಸುದ್ದಿ ಹೇಳತೊಡಗಿತು. ಎರಡು ವರ್ಷಗಳ ತರುವಾಯ, 1922ರಲ್ಲಿ, ಇಂಗ್ಲೆಂಡಿನಲ್ಲಿ ಬಿಬಿಸಿ ಹುಟ್ಟಿತು. 1927ರ ಜನವರಿಯಿಂದ ಅದು ಸಾರ್ವಜನಿಕ ನಿಗಮವಾಯಿತು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ಷಿಲಿಂಗ್ ಲೈಸೆನ್ಸ್ ಹಣ ಕಟ್ಟುತ್ತಿದ್ದರು. ಆ ಹಣದಿಂದ ನಿಗಮ ನಡೆಯುತ್ತಿತ್ತು. ಅಮೆರಿಕದಲ್ಲಾದರೋ ರೇಡಿಯೋ ಜಾಹೀರಾತಿನ ಹಣದಿಂದ ಬೆಳೆಯಿತು. ಈ ಎರಡು ದಾರಿಗಳ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುವುದಿದೆ.

ಮೊದಮೊದಲು ರೇಡಿಯೋದಲ್ಲಿ ಮಾತನಾಡುವವರಿಗೆ ಹೇಗೆ ಮಾತನಾಡಬೇಕೆಂಬುದೇ ತಿಳಿದಿರಲಿಲ್ಲ. ಪ್ರಾಧ್ಯಾಪಕರು ಪಾಠ ಒಪ್ಪಿಸುತ್ತಿದ್ದರು, ರಾಜಕಾರಣಿಗಳು ಸಾವಿರ ಜನರ ಸಭೆಯೆದುರು ನಿಂತವರಂತೆ ಕೂಗುತ್ತಿದ್ದರು. ಈ ತಪ್ಪನ್ನು ಗುರುತಿಸಿದವರಲ್ಲಿ ಮುಖ್ಯರು ಹಿಲ್ಡಾ ಮ್ಯಾಥಿಸನ್ ಎಂಬ ಮಹಿಳೆ. 1927ರಲ್ಲಿ ಅವರು ಬಿಬಿಸಿಯ ಭಾಷಣ ವಿಭಾಗದ ಮೊದಲ ನಿರ್ದೇಶಕಿಯಾದರು. ರೇಡಿಯೋವನ್ನು ಲಕ್ಷ ಜನ ಕೇಳುತ್ತಿದ್ದರೂ ಅವರು ಒಂದೆಡೆ ಸೇರಿದ ಸಭೆಯಲ್ಲ. ಒಂದೊಂದು ಮನೆಯಲ್ಲಿ ಒಬ್ಬರೋ ಇಬ್ಬರೋ ಕುಳಿತು ಕೇಳುವವರು. ಆದುದರಿಂದ ಮೈಕಿನ ಮುಂದೆ ಕುಳಿತವನು ಒಬ್ಬನೇ ಗೆಳೆಯನೊಡನೆ ಮಾತನಾಡುವಂತೆ ಮಾತನಾಡಬೇಕು. ಇದು ಅವರು ಕಂಡುಕೊಂಡ ಸತ್ಯ. ದೊಡ್ಡ ದೊಡ್ಡ ಲೇಖಕರು ಬರೆದು ತಂದ ಭಾಷಣವನ್ನೂ ಅವರು ಒಮ್ಮೆ ಓದಿಸಿ ಕೇಳಿ, ಉದ್ದ ವಾಕ್ಯಗಳನ್ನು ಒಡೆಸಿ, ಮಾತಿನ ರೂಪಕ್ಕೆ ತರಿಸುತ್ತಿದ್ದರು. ವಿವಾದಕ್ಕೊಳಗಾದ ವಿಷಯಗಳನ್ನು ಬಿಬಿಸಿ ಪ್ರಸಾರ ಮಾಡಕೂಡದೆಂದು ಸರಕಾರ ಹಾಕಿದ್ದ ನಿರ್ಬಂಧ 1928ರಲ್ಲಿ ತೆರವಾಯಿತು. ಆ ಮೇಲೆ ಎದುರು ಪಕ್ಷದವರಿಬ್ಬರನ್ನು ಕೂರಿಸಿ ಚರ್ಚೆ ಮಾಡಿಸುವುದೂ ಸಾಧ್ಯವಾಯಿತು.

ಈ ಮ್ಯಾಥಿಸನ್ನರ ವಿಭಾಗದಲ್ಲಿ ಕೆಲಸ ಮಾಡಿದ್ದ ಲಯೊನೆಲ್ ಫೀಲ್ಡೆನ್ ಎಂಬವರೇ 1935ರಲ್ಲಿ ಭಾರತದ ಪ್ರಸಾರ ಖಾತೆಯ ಮುಖ್ಯಸ್ಥರಾಗಿ ದೆಹಲಿಗೆ ಬಂದರು. 1936ರ ಜೂನ್‌ನಲ್ಲಿ ಆ ಖಾತೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. ಆದರೆ ಫೀಲ್ಡೆನ್ನರು ದೆಹಲಿಯಲ್ಲಿ ಕೆಲಸಕ್ಕೆ ತೊಡಗಿದ ವರ್ಷದಲ್ಲೇ ನಮ್ಮ ಮೈಸೂರಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ಕೇವಲ 30 ವಾಟ್. ಮನೆಯಲ್ಲಿ ಉರಿಯುವ ಹಳೆಯ ಕಾಲದ ಬಲ್ಬಿಗಿಂತಲೂ ಕಡಿಮೆ. ‘ಆಕಾಶವಾಣಿ’ ಎಂಬ ಹೆಸರು ಆ ಪುಟ್ಟ ನಿಲಯದ್ದು. ಮುಂದೆ ಭಾರತದ ಪ್ರಸಾರ ಸಂಸ್ಥೆಗೆಲ್ಲ ಆ ಹೆಸರೇ ಬಂತು ಎಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

1950ರ ಜನವರಿಯಲ್ಲಿ ಧಾರವಾಡದಲ್ಲಿ, 1955ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಕಾಶವಾಣಿಯ ನಿಲಯಗಳು ಆರಂಭವಾದವು. ಊರು ಬಿಟ್ಟು ಬಂದ ನಮ್ಮ ಹಿರಿಯರು ಹಗಲೆಲ್ಲ ಕೇಳಿಸದ ಧಾರವಾಡವನ್ನು ರಾತ್ರಿಯಾದ ಮೇಲೆ ಮುಳ್ಳು ತಿರುಗಿಸಿ ಹಿಡಿಯುತ್ತಿದ್ದ ಕಥೆಯನ್ನು ಹೇಳುವುದುಂಟು. ಅದರ ಕಾರಣ ಸರಳ. ಭೂಮಿಯ ಮೇಲೆ ಬಹು ಎತ್ತರದಲ್ಲಿ ಬಿಸಿಲಿನಿಂದ ವಿದ್ಯುದಂಶ ಪಡೆದ ಗಾಳಿಯ ಪದರಗಳಿವೆ. ಹಗಲಿನಲ್ಲಿ ಕೆಳಗಿನ ಪದರವು ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ; ತರಂಗಗಳು ಮೇಲಿನ ಪದರಕ್ಕೆ ತಾಕಿ, ಕನ್ನಡಿಯಿಂದ ಬೆಳಕು ಹಿಂದಿರುಗುವಂತೆ ಹಿಂದಿರುಗಿ, ನೂರಾರು ಮೈಲಿ ದೂರದಲ್ಲಿ ಇಳಿಯುತ್ತವೆ. ಮುಂಬಯಿಯ ಚಾಳಿನ ಕೋಣೆಯಲ್ಲಿ ಕನ್ನಡದ ಮಾತು ರಾತ್ರಿಯೇ ಕೇಳಿಸಿದುದು ಇದರಿಂದ.

ಮಾತಿನಿಂದ ಆದ ಒಳಿತು

ಮಾತಿನ ರೇಡಿಯೋ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1933ರ ಆರಂಭದಲ್ಲಿ ಅಮೆರಿಕದ ಜನರು ಬ್ಯಾಂಕುಗಳ ಮೇಲೆ ನಂಬಿಕೆ ಕಳೆದುಕೊಂಡು, ಇಟ್ಟ ಹಣವನ್ನೆಲ್ಲ ತೆಗೆಯಲು ಸಾಲುಗಟ್ಟಿ ನಿಂತರು. ಹೊಸದಾಗಿ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟರು ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿದರು. ಮಾರ್ಚ್ 12ರ ಭಾನುವಾರ ರಾತ್ರಿ ಅವರು ರೇಡಿಯೋದ ಮುಂದೆ ಕುಳಿತು, ಕಾಲು ಗಂಟೆಯೊಳಗೆ, ಬ್ಯಾಂಕು ಎಂದರೇನು ಎಂಬುದನ್ನು ಮನೆಮಂದಿಗೆ ಹೇಳುವಂತೆ ಹೇಳಿದರು. ನೀವು ಕಟ್ಟಿದ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಪೂಟ್ಟಿ ಇಡುವುದಿಲ್ಲ, ಸಾಲವಾಗಿಯೂ ಸಾಲಪತ್ರವಾಗಿಯೂ ದುಡಿಯಲು ಬಿಡುತ್ತದೆ, ಆದುದರಿಂದ ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಒಳ್ಳೆಯ ಬ್ಯಾಂಕೂ ಕೊಡಲಾರದು ಎಂಬುದು ಅವರ ವಿವರಣೆಯ ಸಾರ. ಯಾವ ಬ್ಯಾಂಕು ಯಾವ ದಿನ ತೆರೆಯುತ್ತದೆ ಎಂಬುದನ್ನೂ ತಿಳಿಸಿದರು. ಮರುದಿನ ಬ್ಯಾಂಕುಗಳ ಬಾಗಿಲು ತೆರೆದಾಗ ಹಣ ತೆಗೆಯುವವರಿಗಿಂತ ಕಟ್ಟುವವರೇ ಹೆಚ್ಚಾಗಿದ್ದರು. 1942ರ ಫೆಬ್ರವರಿಯಲ್ಲಿ, ಯುದ್ಧದ ನಡುವೆ, ಇದೇ ರೂಸ್‌ವೆಲ್ಟರು ಶ್ರೋತೃಗಳಿಗೆ ಜಗತ್ತಿನ ಭೂಪಟವನ್ನು ಮುಂದಿಟ್ಟುಕೊಂಡು ತಮ್ಮ ಮಾತು ಕೇಳುವಂತೆ ಮುಂಚಿತವಾಗಿ ಸೂಚಿಸಿದ್ದರು. ಅಂಗಡಿಗಳಲ್ಲಿ ಭೂಪಟಗಳು ಭರದಿಂದ ಮಾರಾಟವಾದವು.

ವಿಜ್ಞಾನಕ್ಕೂ ರೇಡಿಯೋ ಹೀಗೆಯೇ ನೆರವಾಗಿದೆ. ವಿಶ್ವವು ಒಂದು ಕಾಲದಲ್ಲಿ ಅತಿ ಸಾಂದ್ರವಾಗಿದ್ದು ಅಲ್ಲಿಂದ ಹಿಗ್ಗುತ್ತ ಬಂತು ಎಂಬ ಸಿದ್ಧಾಂತವನ್ನು ಇಂದು ಶಾಲೆಯ ಮಕ್ಕಳೂ ‘ಬಿಗ್ ಬ್ಯಾಂಗ್’ ಎಂದು ಕರೆಯುತ್ತಾರೆ. ಆ ಹೆಸರು ಹುಟ್ಟಿದುದು ರೇಡಿಯೋದಲ್ಲಿ. 1949ರ ಮಾರ್ಚ್ 28ರಂದು ಬಿಬಿಸಿಯಲ್ಲಿ ಮಾತನಾಡಿದ ಖಗೋಳಶಾಸ್ತ್ರಜ್ಞ ಫ್ರೆಡ್ ಹಾಯ್ಲ್ ಅದನ್ನು ಬಳಸಿದರು. ತಮಾಷೆಯೆಂದರೆ ಹಾಯ್ಲ್ ಆ ಸಿದ್ಧಾಂತವನ್ನು ಒಪ್ಪಿದವರಲ್ಲ. ವಿಶ್ವಕ್ಕೆ ಆದಿಯೇ ಇಲ್ಲವೆಂಬ ಪಕ್ಷದವರು. ಕಣ್ಣಿಗೆ ಕಟ್ಟುವಂತೆ ಹೇಳಬೇಕೆಂದು ಎದುರು ಪಕ್ಷದ ಸಿದ್ಧಾಂತಕ್ಕೆ ಅವರಿಟ್ಟ ಹೆಸರೇ ಶಾಶ್ವತವಾಗಿ ನಿಂತಿತು. 1965ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಒಂದು ಮಂದ ರೇಡಿಯೋ ಸದ್ದನ್ನು ಪ್ರಕಟಪಡಿಸಿದ ಮೇಲೆ ಹಾಯ್ಲರ ಪಕ್ಷ ದುರ್ಬಲವಾಯಿತು. ಇದರಲ್ಲಿ ಕೇಳುವವನಿಗೆ ಒಂದು ಪಾಠವುಂಟು: ಬಹು ಚೆನ್ನಾಗಿ ಮಾತನಾಡಿದ ಪಂಡಿತನ ಅಭಿಪ್ರಾಯವೂ ಮುಂದೆ ತಪ್ಪೆಂದು ಕಂಡುಬರಬಹುದು.

ಇದೇ ಬಗೆಯ ಇನ್ನೂ ಎರಡು ಕಾರ್ಯಕ್ರಮಗಳನ್ನು ಹೆಸರಿಸಬೇಕು. ಅಲಿಸ್ಟೇರ್ ಕುಕ್ ಎಂಬ ಪತ್ರಕರ್ತರು 1946ರಿಂದ 2004ರ ವರೆಗೆ, 58 ವರ್ಷ ಕಾಲ, ಅಮೆರಿಕದ ಜನಜೀವನವನ್ನೂ ರಾಜಕಾರಣವನ್ನೂ ಕುರಿತು ವಾರಕ್ಕೊಂದು ‘ಪತ್ರ’ವನ್ನು ಬಿಬಿಸಿಯಲ್ಲಿ ಓದಿದರು. ಒಟ್ಟು 2,869 ಪತ್ರಗಳು. 1998ರಲ್ಲಿ ಆರಂಭವಾದ ‘ಇನ್ ಅವರ್ ಟೈಮ್’ ಎಂಬ ಕಾರ್ಯಕ್ರಮದಲ್ಲಿ ಮೆಲ್ವಿನ್ ಬ್ರ್ಯಾಗ್ ಎಂಬವರು 2025ರ ವರೆಗೂ ವಾರಕ್ಕೊಂದು ವಿಷಯ ಹಿಡಿದು, ಅದನ್ನೇ ಜೀವಮಾನವೆಲ್ಲ ಅಭ್ಯಾಸ ಮಾಡಿದ ಮೂವರು ವಿದ್ವಾಂಸರನ್ನು ಕೂರಿಸಿ ಪ್ರಶ್ನಿಸಿದರು. ಒಂದು ವಾರ ಒಬ್ಬ ಪ್ರಾಚೀನ ರಾಜ, ಇನ್ನೊಂದು ವಾರ ಅಣುವಿನ ಒಳರಚನೆ. ವಿದ್ವಾಂಸರು ಒಬ್ಬರನ್ನೊಬ್ಬರು ಒಪ್ಪದಿದ್ದಾಗ ಆ ಭಿನ್ನಮತವೂ ಕೇಳುಗನ ಕಿವಿಗೆ ಬೀಳುತ್ತಿತ್ತು. ಈ ಒಳ್ಳೆಯ ಕಾರ್ಯಕ್ರಮಗಳಲ್ಲೆಲ್ಲ ಒಂದು ಸಮಾನ ಗುಣವಿದೆ. ಮಾತನಾಡುವವನು ಯಾರೆಂದು ತಿಳಿದಿರುತ್ತದೆ. ಅವನು ಹೇಳುವುದು ವಿಷಯವೋ ಸ್ವಂತ ಅಭಿಪ್ರಾಯವೋ ಎಂಬುದು ಕೇಳುವವನಿಗೆ ಗೊತ್ತಾಗುತ್ತದೆ.

ಅದೇ ಮಾತಿನಿಂದ ಆದ ಕೆಡುಕು

ಗೆಳೆಯನಂತೆ ಕಿವಿಯ ಹತ್ತಿರ ಬಂದು ಮಾತನಾಡುವ ಈ ಕಲೆಯನ್ನು ಕೆಟ್ಟವನೂ ಕಲಿಯಬಲ್ಲ. ರೂಸ್‌ವೆಲ್ಟರ ಕಾಲದಲ್ಲೇ ಡೆಟ್ರಾಯಿಟ್ ಬಳಿಯ ಒಂದು ಚರ್ಚಿನ ಪಾದ್ರಿ ಚಾರ್ಲ್ಸ್ ಕಾಫ್ಲಿನ್ 1926ರಿಂದ ರೇಡಿಯೋದಲ್ಲಿ ಮಾತನಾಡುತ್ತಿದ್ದ. ಸೊಗಸಾದ ಕಂಠ. ಕೆಲಸ ಕಳೆದುಕೊಂಡವರ ಕಷ್ಟವನ್ನು ಬಲ್ಲವನಂತೆ ಮಾತನಾಡಿದ; ಕೋಟಿಗಟ್ಟಲೆ ಜನ ಕೇಳಿದರು. ಮೊದಲು ಬ್ಯಾಂಕಿನ ಒಡೆಯರನ್ನು ಬೈದ. ತರುವಾಯ ಎಲ್ಲ ಕಷ್ಟಕ್ಕೂ ಯೆಹೂದ್ಯರೇ ಕಾರಣರೆಂದ. 1938ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಯೆಹೂದ್ಯರ ಮನೆ ಅಂಗಡಿಗಳು ಸುಟ್ಟಾಗ ಅದಕ್ಕೂ ಸಮಜಾಯಿಷಿ ಹೇಳಿದ. ಆಗ ನ್ಯೂಯಾರ್ಕಿನ ಒಂದು ನಿಲಯವು ಅವನ ಮಾತನ್ನು ಪ್ರಸಾರ ಮಾಡಲು ನಿರಾಕರಿಸಿತು. ಅವನನ್ನು ನಂಬಿದವರು ದುಷ್ಟರಲ್ಲ; ಸಂಬಳ ನಿಂತು, ಉತ್ತರಕ್ಕಾಗಿ ಕಾಯುತ್ತಿದ್ದ ನಮ್ಮಂಥ ಸಾಮಾನ್ಯರು. ಕಷ್ಟದಲ್ಲಿರುವವನಿಗೆ “ನಿನ್ನ ಕಷ್ಟಕ್ಕೆ ಇಂಥವರೇ ಕಾರಣ” ಎಂದು ಹೇಳುವ ಧ್ವನಿ ಎಷ್ಟು ಬೇಗ ಹಿಡಿಸುತ್ತದೆ ಎಂಬುದನ್ನು ಪರಸ್ಥಳದಲ್ಲಿ ದುಡಿಯುವ ನಾವು ಬಲ್ಲೆವು. ಕೆಲವೊಮ್ಮೆ ಆ ‘ಇಂಥವರು’ ನಾವೇ ಆಗಿರುವುದುಂಟು.

ಜರ್ಮನಿಯಲ್ಲಿ ಹಿಟ್ಲರನ ಸರಕಾರ 1933ರಲ್ಲಿ 76 ಮಾರ್ಕ್ ಬೆಲೆಯ ಅಗ್ಗದ ‘ಜನತಾ ರೇಡಿಯೋ’ ಹೊರತಂದು ಮನೆಮನೆಗೂ ತನ್ನ ಧ್ವನಿಯನ್ನು ಮುಟ್ಟಿಸಿತು. 1939ರಲ್ಲಿ ಯುದ್ಧ ಆರಂಭವಾದೊಡನೆ ಪರದೇಶದ ನಿಲಯಗಳನ್ನು ಕೇಳುವುದನ್ನೇ ಅಪರಾಧವೆಂದು ಸಾರಿತು. ಒಂದೇ ಧ್ವನಿ ಕೇಳಬೇಕು, ಇನ್ನೊಂದು ಕೇಳಬಾರದು: ಸರ್ವಾಧಿಕಾರದ ರೇಡಿಯೋ ನೀತಿ ಇಷ್ಟೇ.

ಇದಕ್ಕಿಂತ ಭೀಕರವಾದುದು ಆಫ್ರಿಕದ ರುವಾಂಡಾ ದೇಶದ ಕಥೆ. ಅಲ್ಲಿ 1993ರ ಜುಲೈಯಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ನಿಲಯ ಆರಂಭವಾಯಿತು. ಸರಕಾರಿ ರೇಡಿಯೋದ ಒಣ ಮಾತಿನಿಂದ ಬೇಸತ್ತವರಿಗೆ ಅದು ಹಬ್ಬವಾಯಿತು. ಹೊಸ ಹಾಡು, ನಗೆಚಾಟಿಕೆ, ಚಹದಂಗಡಿಯ ಹರಟೆಯಂಥ ಸಲಿಗೆಯ ಮಾತು. ಕೇಳುಗರಿಗೂ ಮಾತನಾಡಲು ಅವಕಾಶ. ಆ ಹರಟೆಯ ನಡುವೆ ಟುಟ್ಸಿ ಜನಾಂಗದವರನ್ನು ಜಿರಲೆಗಳೆಂದು ಕರೆಯುವುದು ರೂಢಿಯಾಯಿತು. 1994ರ ಏಪ್ರಿಲ್ 6ರಂದು ದೇಶದ ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಹತ್ಯಾಕಾಂಡ ಮೊದಲಾಯಿತು. ಯಾರು ಎಲ್ಲಿ ಅಡಗಿದ್ದಾರೆ ಎಂಬುದನ್ನು ಆ ನಿಲಯವು ಹೆಸರು ಹಿಡಿದು ಹೇಳಿತು. ಸುಮಾರು 100 ದಿನಗಳಲ್ಲಿ ಅಂದಾಜು 8 ಲಕ್ಷ ಜನ ಸತ್ತರು. 2003ರಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಲಿಯು ಆ ನಿಲಯವನ್ನು ಸ್ಥಾಪಿಸಿದವರಲ್ಲಿ ಇಬ್ಬರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಕತ್ತಿ ಹಿಡಿದವನು ಬೇರೆ, ಮೈಕು ಹಿಡಿದವನು ಬೇರೆ ಎಂಬ ವಾದ ಅಲ್ಲಿ ನಿಲ್ಲಲಿಲ್ಲ.

ಎದುರು ಮಾತಿಗೆ ಅವಕಾಶ

ಹಾಗಾದರೆ ತಡೆ ಏನು? ಅಮೆರಿಕದವರು ಒಂದು ಉಪಾಯ ಮಾಡಿದರು. ಆಕಾಶದಲ್ಲಿ ತರಂಗಗಳಿಗೆ ಇರುವ ಜಾಗ ಪರಿಮಿತವಾದುದು. ಒಂದೇ ಊರಿನಲ್ಲಿ ಒಂದೇ ತರಂಗದ ಮೇಲೆ ಇಬ್ಬರು ಮಾತನಾಡಿದರೆ ಯಾರ ಮಾತೂ ಕೇಳಿಸದು. ಆದುದರಿಂದ ಸರಕಾರ ಲೈಸೆನ್ಸ್ ಕೊಡಬೇಕಾಗುತ್ತದೆ. ಲೈಸೆನ್ಸ್ ಪಡೆದವನು ಊರಿನ ಕೆರೆಯ ನೀರನ್ನು ಕಾಯುವವನಿದ್ದಂತೆ, ಕೆರೆ ಅವನದಲ್ಲ. ಈ ತತ್ತ್ವದ ಮೇಲೆ 1949ರಲ್ಲಿ ಅಲ್ಲಿನ ಪ್ರಸಾರ ಆಯೋಗವು ‘ನ್ಯಾಯನೀತಿ’ ಎನ್ನಬಹುದಾದ ಒಂದು ಕಟ್ಟಳೆ ಮಾಡಿತು. ಪ್ರತಿಯೊಂದು ನಿಲಯವೂ ಜನರಿಗೆ ಮುಖ್ಯವಾದ ವಿವಾದದ ವಿಷಯಗಳಿಗೆ ಸಮಯ ಕೊಡಬೇಕು. ಹಾಗೆ ಕೊಡುವಾಗ ಬೇರೆ ಬೇರೆ ಪಕ್ಷಗಳ ಅಭಿಪ್ರಾಯಗಳಿಗೂ ಎಡೆಯಿರಬೇಕು.

1964ರಲ್ಲಿ ಪೆನ್ಸಿಲ್ವೇನಿಯದ ರೆಡ್ ಲಯನ್ ಎಂಬ ಸಣ್ಣ ಊರಿನ ನಿಲಯವು ಫ್ರೆಡ್ ಕುಕ್ ಎಂಬ ಬರಹಗಾರನ ಮೇಲೆ ಒಬ್ಬ ಧರ್ಮೋಪದೇಶಕ ಮಾಡಿದ ಆರೋಪಗಳನ್ನು ಪ್ರಸಾರ ಮಾಡಿತು. ಉತ್ತರ ಕೊಡಲು ತನಗೂ ಸಮಯ ಬೇಕೆಂದು ಕುಕ್ ಕೇಳಿದ. ನಿಲಯದವರು ದರಪಟ್ಟಿ ಕಳುಹಿಸಿದರು. ಹಣ ಕೊಟ್ಟರೆ ಮಾತನಾಡಬಹುದು! ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1969ರಲ್ಲಿ ಕೋರ್ಟು ಕುಕ್‌ನ ಪಕ್ಷವನ್ನು ಎತ್ತಿಹಿಡಿಯಿತು. ರೇಡಿಯೋ ನಡೆಸುವವನ ಹಕ್ಕಿಗಿಂತ ಕೇಳುವವನ ಹಕ್ಕು ದೊಡ್ಡದು ಎಂಬುದು ಆ ತೀರ್ಪಿನ ತಿರುಳು.

ಆದರೆ 1987ರಲ್ಲಿ ಆಯೋಗವೇ ಆ ಕಟ್ಟಳೆಯನ್ನು ಕೈಬಿಟ್ಟಿತು. ನಿಲಯಗಳು ಸಾಕಷ್ಟು ಹೆಚ್ಚಿವೆ, ಕಟ್ಟಳೆಗೆ ಹೆದರಿ ನಿಲಯಗಳು ವಿವಾದದ ವಿಷಯಗಳನ್ನೇ ಮುಟ್ಟದಂತಾಗಿವೆ ಎಂಬುದು ಅವರು ಕೊಟ್ಟ ಕಾರಣ. ಅದೇ ಹೊತ್ತಿಗೆ ಬೇರೆ ಬದಲಾವಣೆಗಳೂ ಆಗಿದ್ದವು. ಹಾಡು ಕೇಳುವವರು ಸ್ವಚ್ಛ ಧ್ವನಿಯ ಎಫ್‌ಎಂ ಕಡೆಗೆ ಹೋದುದರಿಂದ ಹಳೆಯ ಮಧ್ಯಮ ತರಂಗದ ನಿಲಯಗಳು ಬರಿದಾಗಿದ್ದವು. ಅವಕ್ಕೆ ಮಾತೇ ಗತಿಯಾಯಿತು. ಉಪಗ್ರಹದ ಮೂಲಕ ಒಂದೇ ಕಾರ್ಯಕ್ರಮವನ್ನು ದೇಶಕ್ಕೆಲ್ಲ ಅಗ್ಗವಾಗಿ ಹಂಚುವುದು ಸಾಧ್ಯವಾಗಿತ್ತು. 1988ರ ಆಗಸ್ಟ್‌ನಲ್ಲಿ ರಷ್ ಲಿಂಬಾ ಎಂಬವರು ರಾಜಕೀಯ ಮಾತನ್ನು ದೇಶವ್ಯಾಪಿಯಾಗಿ ಆರಂಭಿಸಿದರು. 2021ರಲ್ಲಿ ತೀರಿಕೊಳ್ಳುವ ವರೆಗೂ ಅವರಿಗೆ ಕೋಟಿಗೂ ಮೀರಿದ ಶ್ರೋತೃಗಳಿದ್ದರು. ಪತ್ರಿಕೆಗಳು ಕಡೆಗಣಿಸಿದವರಿಗೆ ಅವರು ದನಿ ಕೊಟ್ಟರೆಂದು ಮೆಚ್ಚುವವರು ಹೇಳುತ್ತಾರೆ. ಒಂದೇ ಪಕ್ಷದ ಮಾತನ್ನು ಕೋಪದೊಡನೆ ಬೆರೆಸಿ ಮಾರಿದರೆಂದು ಇತರರು ಹೇಳುತ್ತಾರೆ. ಎರಡನ್ನೂ ಕೇಳಿದ ಮೇಲೆ ಒಂದು ಸಂಗತಿ ಉಳಿಯುತ್ತದೆ: ಜಾಹೀರಾತಿನ ಹಣದಿಂದ ನಡೆಯುವ ಮಾತಿಗೆ ಕೇಳುಗ ಎದ್ದು ಹೋಗದಿರುವುದೇ ಮುಖ್ಯ, ಮನುಷ್ಯನನ್ನು ಕೂರಿಸಿಡಲು ಕೋಪದಷ್ಟು ಗಟ್ಟಿಯಾದ ಅಂಟು ಬೇರೆ ಇಲ್ಲ.

ನಮ್ಮ ದೇಶದ ತೊಡಕು ಬೇರೆ ಬಗೆಯದು. ಇಲ್ಲಿ ಬಹುಕಾಲ ರೇಡಿಯೋ ಸರಕಾರವೊಂದರದೇ ಆಗಿತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ಆ ಒಂದೇ ಧ್ವನಿಯ ಕಷ್ಟವನ್ನು ಜನ ಅನುಭವಿಸಿದರು. ಸ್ವದೇಶದ ಸುದ್ದಿಗಾಗಿ ಪರದೇಶದ ನಿಲಯವನ್ನು ಹುಡುಕಬೇಕಾಯಿತು. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. 1997ರಲ್ಲಿ ಪ್ರಸಾರ ಭಾರತಿ ನಿಗಮ ಅಸ್ತಿತ್ವಕ್ಕೆ ಬಂತು. 2001ರಲ್ಲಿ ಬೆಂಗಳೂರಿನಲ್ಲಿ ಮೊದಲ ಖಾಸಗಿ ಎಫ್‌ಎಂ ನಿಲಯ ಆರಂಭವಾಯಿತು. ಆದರೆ 2011ರ ನೀತಿಯಲ್ಲಿಯೂ ಖಾಸಗಿ ನಿಲಯಗಳು ಸ್ವಂತ ವಾರ್ತೆ ಹೇಳುವಂತಿರಲಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಪ್ರಸಾರ ಮಾಡಲು ಮಾತ್ರ ಅನುಮತಿಯಿತ್ತು. ಹೀಗಾಗಿ ಲೋಕವಾರ್ತೆಯ ಬಿಚ್ಚುಮಾತು ನಮ್ಮಲ್ಲಿ ರೇಡಿಯೋದ ಮೇಲೆ ಬೆಳೆಯದೆ, ಮೊಬೈಲಿನ ಪಾಡ್‌ಕಾಸ್ಟುಗಳಲ್ಲಿ ಬೆಳೆಯಿತು. ಅಲ್ಲಿ ಲೈಸೆನ್ಸಿನ ಹಂಗಿಲ್ಲ. ಯಾರು ಬೇಕಾದರೂ ಮಾತನಾಡಬಹುದು. ಅದು ಸಂತೋಷದ ವಿಷಯ. ಆದರೆ ತಪ್ಪು ಹೇಳಿದವನನ್ನು ತಡೆದು ಕೇಳುವವರೂ ಅಲ್ಲಿ ಕಡಿಮೆ. ಆ ಹೊರೆ ಈಗ ಕೇಳುವವನ ತಲೆಯ ಮೇಲೆಯೇ ಬಂದಿದೆ.

ಪುಣೆಯ ಹಳ್ಳಿಗಳ ಪಾಠ

ಈ ಹೊರೆಯನ್ನು ಒಬ್ಬನೇ ಹೊರಬೇಕಾಗಿಲ್ಲ ಎಂಬುದನ್ನು ತೋರಿಸಿಕೊಟ್ಟವರು ಕೆನಡಾ ದೇಶದ ರೈತರು. 1941ರಿಂದ ಅಲ್ಲಿ ‘ರೈತರ ರೇಡಿಯೋ ಕೂಟ’ ಎಂಬ ಕಾರ್ಯಕ್ರಮ ನಡೆಯಿತು. ನೆರೆಹೊರೆಯವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಮೊದಲೇ ಅಂಚೆಯಲ್ಲಿ ಬಂದ ಕಿರುಹೊತ್ತಗೆಯನ್ನು ಓದಿ, ಅರ್ಧ ಗಂಟೆ ರೇಡಿಯೋದ ಚರ್ಚೆ ಕೇಳಿ, ಪೆಟ್ಟಿಗೆಯನ್ನು ಆರಿಸಿ, ತಮ್ಮ ತಮ್ಮಲ್ಲಿ ಚರ್ಚಿಸುತ್ತಿದ್ದರು. ತಮ್ಮ ತೀರ್ಮಾನವನ್ನೂ ಪ್ರಶ್ನೆಗಳನ್ನೂ ಬರೆದು ಕಳುಹಿಸುತ್ತಿದ್ದರು. ಅವು ಮುಂದಿನ ಪ್ರಸಾರದಲ್ಲಿ ಬರುತ್ತಿದ್ದವು. ಓದು, ಕೇಳು, ಚರ್ಚಿಸು, ಮಾಡು ಎಂಬುದು ಅವರ ಧ್ಯೇಯವಾಕ್ಯ.

ಈ ಪದ್ಧತಿಯನ್ನು ಭಾರತದಲ್ಲಿ ಪರೀಕ್ಷಿಸಿದುದು ನಮ್ಮ ಪಕ್ಕದಲ್ಲೇ. 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿಯ ಪುಣೆ ನಿಲಯವು ಮರಾಠಿಯಲ್ಲಿ, ಪುಣೆ, ಅಹಮದನಗರ, ನಾಸಿಕ, ಸಾತಾರಾ, ಕೊಲ್ಲಾಪುರ ಕಡೆಯ ಸುಮಾರು 150 ಹಳ್ಳಿಗಳಿಗಾಗಿ ರೇಡಿಯೋ ಕೂಟಗಳನ್ನು ನಡೆಸಿತು. ವಾರಕ್ಕೆ ಎರಡರಂತೆ ಹತ್ತು ವಾರ, 20 ಪ್ರಸಾರಗಳು. ಒಂದೊಂದು ಹಳ್ಳಿಯಲ್ಲಿ ಹದಿನೈದಿಪ್ಪತ್ತು ಜನರ ಕೂಟ. ಒಬ್ಬ ಅಧ್ಯಕ್ಷ, ವರದಿ ಬರೆಯಲು ಒಬ್ಬ ಕಾರ್ಯದರ್ಶಿ. ಪರಿಣಾಮವನ್ನು ಅಳೆಯುವ ಕೆಲಸವನ್ನು ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯು ಪಾಲ್ ನೊಯ್ರಾಟ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಮಾಡಿತು. ಕೂಟವಿದ್ದ ಹಳ್ಳಿ, ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿ, ರೇಡಿಯೋ ಕೂಡ ಇಲ್ಲದ ಹಳ್ಳಿ, ಹೀಗೆ ಮೂರು ಬಗೆಯ ಹಳ್ಳಿಗಳಲ್ಲಿ ಅದೇ ಪ್ರಶ್ನೆಗಳನ್ನು ಮೊದಲೊಮ್ಮೆ, ಕೊನೆಗೊಮ್ಮೆ ಕೇಳಲಾಯಿತು. ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಹೆಚ್ಚಿತ್ತು. ಬರಿಯ ರೇಡಿಯೋ ಇದ್ದ ಹಳ್ಳಿಗಳಲ್ಲಿ ಹೆಚ್ಚಿದುದು ಅತ್ಯಲ್ಪ.

ಇದನ್ನು ವಾಚಕರು ಎರಡು ಸಲ ಯೋಚಿಸಬೇಕು. ಪೆಟ್ಟಿಗೆ ಅದೇ, ಊರಿನ ಜನ ಅಂಥವರೇ. ಕೇಳಿದ ಮೇಲೆ ಕುಳಿತು ಮಾತನಾಡಿದವರಿಗೆ ವಿದ್ಯೆ ಹತ್ತಿತು. ಸುಮ್ಮನೆ ಕೇಳಿದವರಿಗೆ ಗಾಳಿಯಲ್ಲಿ ಹೋಯಿತು. 1959ರಲ್ಲಿ ಈ ಕೂಟಗಳನ್ನು ದೇಶದ ಇತರ ಭಾಗಗಳಿಗೂ ವಿಸ್ತರಿಸಲಾಯಿತು.

ನಾವು ಮಾಡಬಹುದಾದುದು

ನಮ್ಮ ವಾಚನಾಲಯದಲ್ಲಿ ಕುರ್ಚಿಗಳಿವೆ, ಗೋಡೆಯಿದೆ, ಹತ್ತು ಊರಿನ ಜನರಿದ್ದಾರೆ. ವಾರಕ್ಕೊಂದು ಸಂಜೆ, ಅರ್ಧ ಗಂಟೆಯ ಒಂದು ಒಳ್ಳೆಯ ಮಾತಿನ ಕಾರ್ಯಕ್ರಮವನ್ನು ಎಲ್ಲರೂ ಕೂಡಿ ಕೇಳಿ, ಮೊಬೈಲನ್ನು ಬದಿಗಿಟ್ಟು ಅರ್ಧ ಗಂಟೆ ಮಾತನಾಡುವುದಕ್ಕೆ ಖರ್ಚೇನೂ ಬೀಳದು. ಗೋಡೆಗೊಂದು ಭೂಪಟ, ಮೇಜಿನ ಮೇಲೊಂದು ನಿಘಂಟು ಇದ್ದರೆ ಸಾಕು. ಇಂಗ್ಲಿಷ್ ಬಲ್ಲ ಗುಮಾಸ್ತರು ಇಂಗ್ಲಿಷಿನ ಕಾರ್ಯಕ್ರಮದ ಸಾರವನ್ನು ಕನ್ನಡದಲ್ಲಿ ಹೇಳಿದರೆ, ಕಟ್ಟಡದ ಕೆಲಸ ಮುಗಿಸಿ ಬಂದ ಕಲಬುರಗಿಯ ಅಣ್ಣನಿಗೂ ಅದರ ಲಾಭ ಸಿಗುತ್ತದೆ. ಹೇಳುವವರಿಗೂ ತಮಗೆ ನಿಜವಾಗಿ ಅರ್ಥವಾದುದೆಷ್ಟು ಎಂಬುದು ಗೊತ್ತಾಗುತ್ತದೆ.

ಕೇಳುವಾಗ ನಾಲ್ಕು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮಾತನಾಡುವವರು ಯಾರು, ಈ ವಿಷಯವನ್ನು ಅವರು ಹೇಗೆ ಬಲ್ಲರು? ಈ ಮಾತಿನ ಖರ್ಚನ್ನು ಕೊಡುವವರು ಯಾರು: ಸರಕಾರವೋ, ಜಾಹೀರಾತುದಾರರೋ, ಕೇಳುಗರೋ? ಯಾರ ಮೇಲೆ ದೂರು ಹೇಳುತ್ತಿದ್ದಾರೋ ಅವರಿಗೆ ಉತ್ತರ ಹೇಳಲು ಅವಕಾಶ ಕೊಟ್ಟಿದ್ದಾರೆಯೇ? ಹಿಂದೆ ಹೇಳಿದುದು ತಪ್ಪೆಂದು ಕಂಡಾಗ ಇವರು ಎಂದಾದರೂ ತಿದ್ದಿಕೊಂಡದ್ದುಂಟೇ? ಈ ನಾಲ್ಕಕ್ಕೂ ಉತ್ತರ ಸಿಗದ ಧ್ವನಿಯನ್ನು ಕೇಳಬಾರದೆಂದಲ್ಲ. ಅದರ ಮಾತನ್ನು ಹೊತ್ತುಕೊಂಡು ಇನ್ನೊಬ್ಬರ ಮನೆಗೆ ಹೋಗಬಾರದು, ಅಷ್ಟೇ.

ಮುಂದಿನ ಸಲ ಯಾರಾದರೂ ಮೇಜು ತಟ್ಟಿ “ರೇಡಿಯೋದಲ್ಲೇ ಹೇಳಿದರು” ಎಂದಾಗ ಅವರನ್ನು ನೋಡಿ ನಗುವುದು ಬೇಡ. ಕೇಳಬೇಕೆಂಬ ಹಂಬಲವಾದರೂ ಅವರಿಗಿದೆ. ಒಂದು ಕುರ್ಚಿ ಎಳೆದುಕೊಟ್ಟು, “ಬನ್ನಿ, ಕುಳಿತುಕೊಳ್ಳಿ. ಯಾರು ಹೇಳಿದರು, ಏನು ಹೇಳಿದರು, ಮೊದಲಿನಿಂದ ಹೇಳಿ” ಎಂದು ಕೇಳೋಣ.